ಸ್ಪ್ರಿಂಗ್‌ಫೀಲ್ಡ್ ಹಳೇ ಪೇಟೆ: ಅಪ್ಪ-ಅಮ್ಮನ ಜೊತೆ ಒಂದು ದಿನ ನಡೆದು ನೋಡೋಕೆ ಎಲ್ಲಿಂದ ಶುರು ಮಾಡಲಿ?

ದಾವಣಗೆರೆ_ಬೆಣ್ಣೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ದಸರಾ ಹೊತ್ತಿಗೆ ವಾಪಸ್ ಹೋಗುತ್ತಾರೆ. ಅಪ್ಪ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವರು. ಶಿಕಾಗೋಗೆ ಕರೆದುಕೊಂಡು ಹೋಗಿದ್ದೆ. ಎತ್ತರದ ಕಟ್ಟಡಗಳನ್ನೆಲ್ಲ ನೋಡಿ ಚೆನ್ನಾಗಿದೆ ಅಂದರು. ಆದರೆ ಬಂದ ದಿನದಿಂದ ಅವರು ಕೇಳುತ್ತಿರುವುದು ಒಂದೇ, ಲಿಂಕನ್ ಊರು ಇಲ್ಲಿಗೆ ಎಷ್ಟು ದೂರ?

ಸ್ಪ್ರಿಂಗ್‌ಫೀಲ್ಡ್ ನಮ್ಮ ಮನೆಯಿಂದ ಕಾರಲ್ಲಿ ಒಂದು ಗಂಟೆ ದಾರಿ ಅಷ್ಟೇ. ಒಂದು ಶನಿವಾರ ಪೂರ್ತಿ ಇದಕ್ಕೇ ಇಟ್ಟಿದ್ದೇನೆ. ಕಾರನ್ನು ಒಂದು ಕಡೆ ನಿಲ್ಲಿಸಿ, ಹಳೇ ಡೌನ್‌ಟೌನನ್ನು ನಡೆದೇ ನೋಡಬೇಕು ಅನ್ನುವುದು ಅಪ್ಪನ ಆಸೆ. ಅಮ್ಮನಿಗೆ ಮಂಡಿ ನೋವು. ನಿಧಾನವಾಗಿ ನಡೆಯುತ್ತಾರೆ, ಆದರೆ ನಡುನಡುವೆ ಕೂರಲು ಜಾಗ ಬೇಕು, ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ.

ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತೆ? ಬೇರೆ ಕಡೆ ಕೇಳಿದರೆ ಎಲ್ಲರೂ ಲಿಂಕನ್ ಮ್ಯೂಸಿಯಂ, ಲಿಂಕನ್ ಮ್ಯೂಸಿಯಂ ಅನ್ನುತ್ತಾರೆ. ಬರೀ ಮ್ಯೂಸಿಯಂ ಸಾಕಾ, ಅಥವಾ ಬೀದಿಗಳಲ್ಲೇ ನೋಡುವಂಥದ್ದು ಇದೆಯಾ? ಮಧ್ಯಾಹ್ನದ ಊಟಕ್ಕೆ ಏನು ಮಾಡಬಹುದು, ಇಬ್ಬರೂ ಸಸ್ಯಾಹಾರಿಗಳು. ಇನ್ನೊಂದು ಮಾತು, ಲಿಂಕನ್ ತನ್ನ ಮಗನ ಶಿಕ್ಷಕರಿಗೆ ಬರೆದ ಪತ್ರ ಅಂತ ನಮ್ಮ ಕಡೆ ಪ್ರತಿ ಶಾಲೆಯ ಗೋಡೆ ಮೇಲೂ ಇರುತ್ತದಲ್ಲ, ಅದರ ಮೂಲ ಪ್ರತಿ ಅಲ್ಲಿ ಇಟ್ಟಿದ್ದಾರಾ ಅಂತ ಅಪ್ಪ ಕೇಳುತ್ತಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಸಂಗಮನ್_ನಿವಾಸಿ:

ನಮಸ್ಕಾರ. ನಾನು ಇದೇ ಊರಲ್ಲಿ ಇದ್ದೇನೆ, ರಾಜ್ಯ ಸರ್ಕಾರದ ಕಚೇರಿಗಳಿಗೆ ಸಾಫ್ಟ್‌ವೇರ್ ಕೆಲಸ. ಮಧ್ಯಾಹ್ನ ಊಟ ಆದಮೇಲೆ ಈ ಬೀದಿಗಳಲ್ಲೇ ಒಂದು ಸುತ್ತು ಹಾಕುವುದು ನನ್ನ ರೂಢಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲ ಮಾತು, ಮ್ಯೂಸಿಯಂನಿಂದ ಶುರು ಮಾಡಬೇಡಿ. ಅದು 2005ರಲ್ಲಿ ತೆರೆದದ್ದು, ಚೆನ್ನಾಗಿಯೇ ಇದೆ, ಮಕ್ಕಳಿಗಂತೂ ಬಹಳ ಇಷ್ಟ. ಆದರೆ ಒಳಗಿರುವ ಮರದ ದಿಮ್ಮಿಯ ಮನೆ, ಶ್ವೇತಭವನ, ಮೇಣದ ಬೊಂಬೆಯಂಥ ಆಕೃತಿಗಳು, ಎಲ್ಲ ಈಗ ಮಾಡಿಟ್ಟವು. ನಿಜವಾದ ಮನೆ, ನಿಜವಾದ ಕಚೇರಿ, ನಿಜವಾದ ಬೀದಿ ಎಲ್ಲ ಅಲ್ಲೇ ಹತ್ತು ನಿಮಿಷದ ನಡಿಗೆಯಲ್ಲಿ ಇರುವಾಗ ಬೆಳಗಿನ ಹುರುಪನ್ನು ಒಳಗೆ ಕಳೆಯುವುದು ಬೇಡ. ಮಧ್ಯಾಹ್ನ ಬಿಸಿಲೇರಿದ ಮೇಲೆ ಏಸಿಗಾಗಿ ಅಲ್ಲಿಗೆ ಹೋಗಿ. ಇಲ್ಲಿಯ ಬೇಸಿಗೆ ಬಿಸಿಲು ದಾವಣಗೆರೆಯವರಿಗೆ ಹೊಸದೇನಲ್ಲ, ಆದರೆ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ.

ಬೆಳಗ್ಗೆ ಬೇಗ ಬಂದು 7ನೇ ಬೀದಿಯಲ್ಲಿರುವ ಲಿಂಕನ್ ಮನೆಯ ವಿಸಿಟರ್ ಸೆಂಟರ್ ಹತ್ತಿರ ಕಾರು ನಿಲ್ಲಿಸಿ. ಪಾರ್ಕಿಂಗ್‌ಗೆ ಸ್ವಲ್ಪ ದುಡ್ಡು ಕೊಡಬೇಕು, ಮನೆಯ ಟಿಕೆಟ್ ಮಾತ್ರ ಉಚಿತ. ಉಚಿತ ಯಾಕೆ ಅನ್ನುವುದಕ್ಕೂ ಒಂದು ಕಾರಣ ಇದೆ. ಲಿಂಕನ್ ಮಗ ರಾಬರ್ಟ್ 1887ರಲ್ಲಿ ಈ ಮನೆಯನ್ನು ರಾಜ್ಯಕ್ಕೆ ದಾನ ಕೊಟ್ಟಾಗ ಎರಡು ಷರತ್ತು ಹಾಕಿದ್ದ, ಮನೆಯನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು, ನೋಡಲು ಬಂದವರಿಂದ ಕಾಸು ತೆಗೆದುಕೊಳ್ಳಬಾರದು. ಆಮೇಲೆ ಮನೆ ಕೇಂದ್ರ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಗೆ ಬಂದರೂ ಆ ಮಾತು ಇವತ್ತಿಗೂ ನಡೆಯುತ್ತಿದೆ.

ಟಿಕೆಟ್‌ನಲ್ಲಿ ಹೊತ್ತು ಬರೆದಿರುತ್ತಾರೆ. ರೇಂಜರ್ ಒಬ್ಬರು ಗುಂಪನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ಲಿಂಕನ್ ಈ ಮನೆಯನ್ನು 1844ರಲ್ಲಿ ಕೊಂಡದ್ದು, ತನ್ನ ಮದುವೆ ಮಾಡಿಸಿದ ಪಾದ್ರಿಯಿಂದಲೇ. ಆಗ ಇದು ಒಂದೂವರೆ ಅಂತಸ್ತಿನ ಚಿಕ್ಕ ಮನೆ. ಸಂಸಾರ ಬೆಳೆದ ಮೇಲೆ ಮೇಲಕ್ಕೆತ್ತಿ ಎರಡು ಅಂತಸ್ತು ಮಾಡಿದರು. ಅವನ ಸ್ವಂತ ಮನೆ ಅಂತ ಜೀವನದಲ್ಲಿ ಇದ್ದದ್ದು ಇದೊಂದೇ. ಎರಡನೇ ಮಗ ಎಡ್ಡಿ 1850ರಲ್ಲಿ ಈ ಮನೆಯಲ್ಲೇ ತೀರಿಕೊಂಡ, ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ನೀವೇ ಅಭ್ಯರ್ಥಿ ಅಂತ ಪಕ್ಷದವರು 1860ರ ಮೇ ತಿಂಗಳಲ್ಲಿ ಬಂದು ಹೇಳಿದ್ದು ಕೆಳಗಿನ ಪಡಸಾಲೆಯಲ್ಲಿ.

ಮೇಲೆ ಹತ್ತುವಾಗ ಮೆಟ್ಟಿಲಿನ ಪಕ್ಕದ ರೇಲಿಂಗ್ ಗಟ್ಟಿಯಾಗಿ ಹಿಡಿದುಕೊಳ್ಳಿ ಅಂತ ಅಪ್ಪನಿಗೆ ಹೇಳಿ. ಅದು ಲಿಂಕನ್ ಕಾಲದ್ದೇ. ಬೇರೆ ಏನನ್ನೂ ಮುಟ್ಟುವಂತಿಲ್ಲ, ಅದನ್ನು ಮಾತ್ರ ಎಲ್ಲರೂ ಹಿಡಿದೇ ಹತ್ತುತ್ತಾರೆ. ಮರ ನುಣ್ಣಗೆ, ತಣ್ಣಗೆ ಇರುತ್ತದೆ. ಮೇಲೆ ಲಿಂಕನ್ ಮಲಗುವ ಕೋಣೆಯಲ್ಲಿ ಒಂದು ಪುಟ್ಟ ಬರೆಯುವ ಮೇಜಿದೆ, ಅಷ್ಟುದ್ದದ ಮನುಷ್ಯ ಅದರ ಮುಂದೆ ಹೇಗೆ ಕೂರುತ್ತಿದ್ದನೋ ಅನ್ನಿಸುತ್ತೆ. ಗೋಡೆಯ ಕಾಗದದ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಆ ಕಾಲದ ರುಚಿ ಹಾಗಿತ್ತು. ಅಮ್ಮನಿಗೆ ಮೆಟ್ಟಿಲು ಆಗದಿದ್ದರೆ ಮೊದಲೇ ರೇಂಜರ್‌ಗೆ ಹೇಳಿ, ಕೆಳಗಿನ ಕೋಣೆಗಳನ್ನು ನೋಡಿದರೂ ತುಂಬಾ ಆಯ್ತು.

ಮನೆಯಿಂದ ಹೊರಗೆ ಬಂದ ತಕ್ಷಣ ಹೊರಡಬೇಡಿ. ಸುತ್ತ ನಾಲ್ಕು ಬ್ಲಾಕ್ ಜಾಗವನ್ನು ಹಳೇ ಕಾಲದ ಹಾಗೇ ಇಟ್ಟಿದ್ದಾರೆ. ಕಾರು ಬಿಡುವುದಿಲ್ಲ, ಕಾಲ್ದಾರಿಗೆ ಮರದ ಹಲಗೆ ಹಾಕಿದ್ದಾರೆ. ಅದೇ 8ನೇ ಬೀದಿಯಲ್ಲಿ ತುಸು ದಕ್ಷಿಣಕ್ಕೆ ಒಂದು ಖಾಲಿ ಜಾಗ ಇದೆ. ಅಲ್ಲಿ ಜೇಮ್ಸನ್ ಜೆಂಕಿನ್ಸ್ ಅನ್ನುವ ಕಪ್ಪು ಜನಾಂಗದವನ ಮನೆ ಇತ್ತು. ಕುದುರೆ ಗಾಡಿ ಹೊಡೆಯುತ್ತಿದ್ದವನು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರನ್ನು ಗುಟ್ಟಾಗಿ ಉತ್ತರಕ್ಕೆ ದಾಟಿಸುತ್ತಿದ್ದ. ಲಿಂಕನ್ ವಾಷಿಂಗ್ಟನ್‌ಗೆ ಹೊರಟ ಬೆಳಗ್ಗೆ ಅವನನ್ನು ರೈಲ್ವೆ ಸ್ಟೇಷನ್‌ಗೆ ಗಾಡಿಯಲ್ಲಿ ಬಿಟ್ಟು ಬಂದವನೂ ಅವನೇ. ಹೆಚ್ಚಿನವರು ಆ ಖಾಲಿ ಜಾಗದ ಮುಂದೆ ನಿಲ್ಲುವುದೇ ಇಲ್ಲ, ನೀವು ನಿಲ್ಲಿ.

ಅಲ್ಲಿಂದ ಎರಡು ಬ್ಲಾಕ್ ಉತ್ತರಕ್ಕೆ, ಎರಡು ಬ್ಲಾಕ್ ಪೂರ್ವಕ್ಕೆ ಹೋದರೆ ಹಳೇ ಗ್ರೇಟ್ ವೆಸ್ಟರ್ನ್ ಸ್ಟೇಷನ್. 1861ರ ಫೆಬ್ರವರಿ 11ರಂದು ಇಲ್ಲಿಂದಲೇ ಲಿಂಕನ್ ಹೊರಟದ್ದು. ಮತ್ತೆ ಜೀವಂತವಾಗಿ ವಾಪಸ್ ಬರಲಿಲ್ಲ.

ಅಮ್ಮನಿಗೆ ನಡಿಗೆ ಸಾಕು ಅನ್ನಿಸಿದರೆ ಇಲ್ಲಿ ಕಾರು ತೆಗೆದುಕೊಂಡು ಚೌಕಕ್ಕೆ ಹೋಗಿ. ಅಲ್ಲಿ ಹಳೇ ಕ್ಯಾಪಿಟಲ್, ಅಂದರೆ ರಾಜ್ಯದ ಹಳೇ ಶಾಸನಸಭೆ ಕಟ್ಟಡದ ಅಡಿಯಲ್ಲೇ ನೆಲಮಾಳಿಗೆ ಪಾರ್ಕಿಂಗ್ ಇದೆ.

ಆ ಕಟ್ಟಡದ ಕಥೆ ಮೇಷ್ಟ್ರಿಗೆ ಖಂಡಿತ ಹಿಡಿಸುತ್ತೆ. ಮೊದಲು ಇಲಿನಾಯ್ ರಾಜಧಾನಿ ವಂಡೇಲಿಯಾ. ಅದನ್ನು ಸ್ಪ್ರಿಂಗ್‌ಫೀಲ್ಡ್‌ಗೆ ತರಬೇಕು ಅಂತ ಈ ಜಿಲ್ಲೆಯ ಒಂಬತ್ತು ಜನ ಸದಸ್ಯರು ಓಡಾಡಿ, 1837ರಲ್ಲಿ ಗೆದ್ದರು. ಒಂಬತ್ತೂ ಜನ ಎತ್ತರದವರು, ಅದಕ್ಕೆ ಅವರಿಗೆ ಉದ್ದನೆಯ ಒಂಬತ್ತು ಜನ ಅಂತಲೇ ಹೆಸರು. ಅದರಲ್ಲಿ ಒಬ್ಬ ಲಿಂಕನ್. ಹಳದಿ ಮಿಶ್ರಿತ ಸುಣ್ಣಕಲ್ಲಿನ ಆ ಕಟ್ಟಡದ ವಿಧಾನಸಭೆ ಹಾಲ್‌ನಲ್ಲೇ 1858ರ ಜೂನ್ 16ರಂದು, ಒಡೆದ ಮನೆ ನಿಲ್ಲಲಾರದು, ಅರ್ಧ ಗುಲಾಮಗಿರಿ ಅರ್ಧ ಸ್ವಾತಂತ್ರ್ಯ ಇಟ್ಟುಕೊಂಡು ಈ ದೇಶ ಉಳಿಯುವುದಿಲ್ಲ ಅಂತ ಲಿಂಕನ್ ಭಾಷಣ ಮಾಡಿದ್ದು. ಆ ಸಲ ಸೆನೆಟ್ ಚುನಾವಣೆ ಸೋತ. ಏಳು ವರ್ಷಕ್ಕೆ, 1865ರ ಮೇ 3 ಮತ್ತು 4ರಂದು, ಅವನ ಶವವನ್ನು ಅಂತಿಮ ದರ್ಶನಕ್ಕೆ ಇಟ್ಟದ್ದೂ ಅದೇ ಹಾಲ್‌ನಲ್ಲಿ. ಸುಮಾರು 75,000 ಜನ ಸಾಲಾಗಿ ಬಂದು ನೋಡಿ ಹೋದರು. ಆಗ ಈ ಊರು ಎಷ್ಟು ಚಿಕ್ಕದಿತ್ತು ಅಂತ ಯೋಚಿಸಿ.

ಒಂದು ವಿಷಯ ಮಾತ್ರ ತಿಳಿದುಕೊಂಡು ಹೋಗಿ. 1876ರಲ್ಲಿ ಶಾಸಕಾಂಗ ಹೊಸ ಕ್ಯಾಪಿಟಲ್‌ಗೆ ಹೋದಮೇಲೆ ಈ ಕಟ್ಟಡ ಜಿಲ್ಲಾ ಕೋರ್ಟ್ ಆಯಿತು. ಜಾಗ ಸಾಲದು ಅಂತ ಇಡೀ ಕಟ್ಟಡವನ್ನೇ ಮೇಲಕ್ಕೆತ್ತಿ ಅಡಿಯಲ್ಲಿ ಇನ್ನೊಂದು ಅಂತಸ್ತು ಸೇರಿಸಿದರು. ಆಮೇಲೆ 1960ರ ದಶಕದಲ್ಲಿ ಕಲ್ಲು ಕಲ್ಲು ಬಿಚ್ಚಿ, ಪ್ರತಿ ಕಲ್ಲಿಗೂ ನಂಬರ್ ಹಾಕಿ, ಊರ ಹೊರಗಿನ ಜಾತ್ರೆ ಮೈದಾನದಲ್ಲಿ ಇಟ್ಟು, ಮತ್ತೆ ಮೊದಲಿನ ಹಾಗೇ ಕಟ್ಟಿದರು. ಹಾಗಾಗಿ ಹೊರಗಿನ ಕಲ್ಲು ಹಳೆಯದು, ಒಳಗಿನ ಕೋಣೆಗಳು ಹೊಸದಾಗಿ ಕಟ್ಟಿದ್ದು. ನನಗೆ ಇದರಿಂದ ಬೆಲೆ ಕಡಿಮೆ ಆಯ್ತು ಅಂತ ಅನ್ನಿಸುವುದಿಲ್ಲ. ಒಬಾಮಾ 2007ರ ಫೆಬ್ರವರಿ 10ರಂದು, ಕೊರೆಯುವ ಚಳಿಯಲ್ಲಿ, ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಅಂತ ಘೋಷಿಸಿದ್ದು ಇದೇ ಕಟ್ಟಡದ ಮುಂದೆ.

ಚೌಕದ ಮೂಲೆಯಲ್ಲಿ, 6ನೇ ಬೀದಿ ಮತ್ತು ಆಡಮ್ಸ್ ಬೀದಿ ಸೇರುವಲ್ಲಿ, ಇಟ್ಟಿಗೆ ಕಟ್ಟಡದಲ್ಲಿ ಲಿಂಕನ್ ವಕೀಲಿ ಕಚೇರಿ. ಇನ್ನೊಂದು ಕಡೆ, 5ನೇ ಬೀದಿ ಮತ್ತು ವಾಷಿಂಗ್ಟನ್ ಬೀದಿ ಮೂಲೆಯಲ್ಲಿ, ಜೋಶುವಾ ಸ್ಪೀಡ್ ಅಂಗಡಿ ಇತ್ತು. ಈಗ ಅಂಗಡಿ ಇಲ್ಲ, ಆದರೆ ಆ ಕಥೆಯನ್ನು ಅಲ್ಲೇ ನಿಂತು ಹೇಳಿ. 1837ರಲ್ಲಿ, 28 ವರ್ಷದ ಲಿಂಕನ್ ಯಾರದೋ ಕುದುರೆ ಹತ್ತಿ ಎರಡು ಚೀಲ ಹಿಡಿದು ಈ ಊರಿಗೆ ಬಂದ. ಹಾಸಿಗೆಗೆ ಎಷ್ಟು ಅಂತ ಕೇಳಿದ. 17 ಡಾಲರ್ ಅಂದರು. ಅಷ್ಟಿಲ್ಲ, ಸಾಲ ಕೊಟ್ಟರೆ ಮುಂದೆ ತೀರಿಸುತ್ತೇನೆ, ವಕೀಲಿ ಕೈ ಹಿಡಿಯದಿದ್ದರೆ ಬಹುಶಃ ತೀರಿಸಲಾರೆ ಅಂದ. ಅವನ ಮುಖ ನೋಡಿ ಸ್ಪೀಡ್ ಮರುಗಿ, ಮೇಲೆ ನನ್ನ ಕೋಣೆ ಇದೆ, ಜೊತೆಗೇ ಇರು ಅಂದ. ಲಿಂಕನ್ ಚೀಲ ಮೇಲಿಟ್ಟು ಕೆಳಗೆ ಬಂದು, ಸ್ಪೀಡ್, ನಾನು ಬಿಡಾರ ಬದಲಾಯಿಸಿ ಆಯ್ತು ಅಂದನಂತೆ. ಹಾಸಿಗೆಗೂ ಕಾಸಿಲ್ಲದೆ ಊರಿಗೆ ಬಂದ ಹುಡುಗ ಅದೇ ಊರಿಂದ ಅಧ್ಯಕ್ಷನಾಗಿ ಹೋದ ಅನ್ನುವುದನ್ನು ಈ ಎರಡು ಮೂಲೆಗಳ ನಡುವೆ ನಡೆಯುತ್ತಾ ಹೇಳುವಷ್ಟು ಚೆನ್ನಾಗಿ ಬೇರೆಲ್ಲೂ ಹೇಳಲಾಗುವುದಿಲ್ಲ.

ಸಮಾಧಿ ಇರುವುದು ಉತ್ತರಕ್ಕೆ ಎರಡು ಮೈಲಿ ದೂರದ ಓಕ್ ರಿಜ್ ಸ್ಮಶಾನದಲ್ಲಿ. ಅದಕ್ಕೆ ಕಾರೇ ಬೇಕು. ಹೊರಡುವ ಹಿಂದಿನ ದಿನ ಎಲ್ಲ ಜಾಗಗಳ ಸಮಯ ಒಮ್ಮೆ ಆನ್‌ಲೈನ್‌ನಲ್ಲಿ ನೋಡಿಕೊಳ್ಳಿ. ಹಳೇ ಕಟ್ಟಡಗಳಾದ್ದರಿಂದ ರಿಪೇರಿಗೆ ಅಂತ ಆಗಾಗ ಮುಚ್ಚುತ್ತಾರೆ.

ಪಿಯೋರಿಯಾ_ಅಕ್ಕ:

ಊಟದ ವಿಷಯ ನಾನು ಹೇಳುತ್ತೇನೆ ತಮ್ಮಾ. ಶನಿವಾರ ಹೋಗುತ್ತಿರುವುದು ಒಳ್ಳೆಯದೇ ಆಯ್ತು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬುಧವಾರ ಮತ್ತು ಶನಿವಾರ ಬೆಳಗ್ಗೆ ಡೌನ್‌ಟೌನ್‌ನಲ್ಲಿ ರೈತರ ಸಂತೆ ಸೇರುತ್ತದೆ. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗು. ಅವರಿಗೆ ಲಿಂಕನ್‌ಗಿಂತ ಅದು ಹೆಚ್ಚು ಇಷ್ಟವಾದರೂ ಆಗಬಹುದು. ಬೇಸಿಗೆ ಕೊನೆಗೆ ಹೊಲದಿಂದ ಆಗಷ್ಟೇ ಕಿತ್ತು ತಂದ ಸಿಹಿ ಜೋಳದ ತೆನೆ, ದಪ್ಪ ದಪ್ಪ ಟೊಮೆಟೊ, ಬದನೆಕಾಯಿ. ತೆನೆಯ ಸಿಪ್ಪೆ ತುಸು ಬಿಡಿಸಿ ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಚಿಮ್ಮುತ್ತದೆ. ಆದರೆ ಸಂತೆ ಮಧ್ಯಾಹ್ನದ ಹೊತ್ತಿಗೆ ಎತ್ತಿಬಿಡುತ್ತಾರೆ. ಹಾಗಾಗಿ ಮನೆ ನೋಡುವ ಟಿಕೆಟ್ ಹನ್ನೊಂದು ಗಂಟೆಗೆ ಸಿಗುವ ಹಾಗಿದ್ದರೆ ಮೊದಲು ಸಂತೆ ಮುಗಿಸಿಬಿಡಿ.

ಈ ಊರಿನದೇ ಆದ ತಿಂಡಿ ಹಾರ್ಸ್‌ಶೂ. 1928ರಲ್ಲಿ ಇಲ್ಲಿಯ ಲೆಲ್ಯಾಂಡ್ ಹೋಟೆಲಿನಲ್ಲಿ ಹುಟ್ಟಿದ್ದು. ದಪ್ಪ ಟೋಸ್ಟ್ ಬ್ರೆಡ್ ಮೇಲೆ ಮಾಂಸ, ಅದರ ಮೇಲೆ ರಾಶಿ ಫ್ರೆಂಚ್ ಫ್ರೈ, ಎಲ್ಲ ಮುಚ್ಚುವ ಹಾಗೆ ಬಿಸಿ ಚೀಸ್ ಸಾಸ್. ಮಾಂಸದ ಬದಲು ತರಕಾರಿ ಹಾಕಿ ಕೊಡುವ ಜಾಗಗಳೂ ಇವೆ, ಕೇಳಿ ನೋಡಿ. ಒಂದೇ ತಟ್ಟೆ ಇಬ್ಬರಿಗೆ ಸಾಕು. ಆದರೆ ಸಾಸ್‌ನಲ್ಲಿ ಏನೇನು ಹಾಕುತ್ತಾರೆ ಅಂತ ವಿಚಾರಿಸಿಯೇ ತೆಗೆದುಕೊಳ್ಳಿ, ಕಟ್ಟುನಿಟ್ಟು ಇರುವವರಿಗೆ ಅದು ಮುಖ್ಯ.

ನನ್ನನ್ನು ಕೇಳಿದರೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವುದೇ ವಾಸಿ. ವಾರದ ದಿನ ಸರ್ಕಾರಿ ನೌಕರರು ಇರುತ್ತಾರೆ, ಹೋಟೆಲುಗಳೆಲ್ಲ ತೆರೆದಿರುತ್ತವೆ. ಶನಿವಾರ-ಭಾನುವಾರ ಆ ಪೇಟೆ ಖಾಲಿ ಖಾಲಿ, ಕೆಲವು ಬಾಗಿಲು ಹಾಕಿರುತ್ತವೆ. ಮ್ಯೂಸಿಯಂ ಎದುರಿಗೆ ಗಡಿಯಾರ ಗೋಪುರದ ಹಳೇ ಯೂನಿಯನ್ ಸ್ಟೇಷನ್ ಇದೆ. ಅದರ ಮುಂದೆ ಪಾರ್ಕ್, ಬೆಂಚು ಇವೆ. ಅಲ್ಲಿ ಕೂತು ಉಣ್ಣಿ. ನೀರಿನ ಬಾಟಲಿ, ಟೊಪ್ಪಿಗೆ ಮರೆಯಬೇಡ. ಆಗಸ್ಟ್‌ನಲ್ಲಿ ಹೋಗುವ ಹಾಗಿದ್ದರೆ ರಾಜ್ಯದ ಜಾತ್ರೆ ಯಾವಾಗ ಅಂತ ನೋಡಿಕೋ. ಆ ದಿನಗಳಲ್ಲಿ ಊರು ಗಿಜಿಗುಡುತ್ತದೆ.

ಹಳೇ_ಮೇಷ್ಟ್ರು:

ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನಿಸಿತು, ನಾನೂ ಅದೇ ಕಸುಬಿನವನು, ಈಗ ಮಗಳ ಮನೆಯಲ್ಲಿದ್ದೇನೆ.

ಆ ಪತ್ರ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇಲ್ಲ. ಎಲ್ಲಿಯೂ ಇಲ್ಲ. ಲಿಂಕನ್ ಬರೆದ ಪತ್ರ, ಭಾಷಣ, ಚೀಟಿಗಳನ್ನೆಲ್ಲ ಅಲ್ಲಿಯ ವಿದ್ವಾಂಸರು ಸಿಕ್ಕಷ್ಟನ್ನೂ ಒಟ್ಟು ಮಾಡಿದ್ದಾರೆ. ಅದರಲ್ಲಿ ಮಗನ ಶಿಕ್ಷಕರಿಗೆ ಬರೆದ ಈ ಪತ್ರ ಬರುವುದೇ ಇಲ್ಲ. ಯಾರೋ ಬರೆದು ಅವನ ಹೆಸರು ಹಾಕಿದ್ದಾರೆ. ಅದರಲ್ಲಿರುವ ಮಾತುಗಳು ಒಳ್ಳೆಯವು, ಮಕ್ಕಳಿಗೆ ಹೇಳಿಕೊಡಿ, ತಪ್ಪೇನಿಲ್ಲ. ಲಿಂಕನ್ ಹೆಸರು ಮಾತ್ರ ಬೇಡ.

ಅದರ ಬದಲು ತಂದೆಯವರನ್ನು ಆ ಹಳೇ ರೈಲ್ವೆ ಸ್ಟೇಷನ್ ಹತ್ತಿರ ಕರೆದುಕೊಂಡು ಹೋಗಿ, ಅಲ್ಲಿ ಮಾಡಿದ ವಿದಾಯದ ಭಾಷಣವನ್ನು ಜೋರಾಗಿ ಓದಿಸಿ. ಎರಡು ನಿಮಿಷವೂ ಹಿಡಿಯುವುದಿಲ್ಲ. ಅವತ್ತು ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲು, ಮೋಡ ಕವಿದ ಬೆಳಗ್ಗೆ, ರೈಲಿನ ಕೊನೆಯ ಡಬ್ಬಿಯ ಹಿಂದೆ ನಿಂತು ಮಾತನಾಡಿದ. ಈ ಊರಿನ ಜನರ ಪ್ರೀತಿಯಿಂದಲೇ ನಾನು ಇಷ್ಟು ಆದೆ, ಇಲ್ಲಿ ಕಾಲು ಶತಮಾನ ಕಳೆದೆ, ಮಕ್ಕಳು ಇಲ್ಲೇ ಹುಟ್ಟಿದರು, ಒಬ್ಬನನ್ನು ಇಲ್ಲೇ ಮಣ್ಣು ಮಾಡಿದ್ದೇವೆ, ಈಗ ಹೊರಟಿದ್ದೇನೆ, ವಾಪಸ್ ಯಾವಾಗ ಬರುತ್ತೇನೋ, ಬರುತ್ತೇನೋ ಇಲ್ಲವೋ ಗೊತ್ತಿಲ್ಲ, ಇಷ್ಟೇ ಅದರ ಸಾರ. ಮೊದಲೇ ಬರೆದುಕೊಂಡು ಬಂದದ್ದಲ್ಲ. ರೈಲು ಹೊರಟ ಮೇಲೆ ಬರೆದು ಕೊಡಿ ಅಂತ ಪತ್ರಿಕೆಯವರು ಕೇಳಿದಾಗ ಪೆನ್ಸಿಲ್ ಹಿಡಿದು ಬರೆಯಲು ಕೂತ. ಡಬ್ಬಿ ಅಲ್ಲಾಡುತ್ತಿತ್ತು, ಅಕ್ಷರ ಸೊಟ್ಟ ಆಗುತ್ತಾ ಹೋಯಿತು, ಕೊನೆಗೆ ಕಾರ್ಯದರ್ಶಿ ನಿಕೊಲೆ ಕೈಗೆ ಕೊಟ್ಟು ತಾನು ಹೇಳುತ್ತಾ ಹೋದ. ಆ ಕಾಗದ ಉಳಿದಿದೆ. ಅದರಲ್ಲಿ ಎರಡು ಕೈಬರಹ ಕಾಣುತ್ತವೆ. ಮೇಷ್ಟ್ರುಗಳು ಗೋಡೆಗೆ ಹಾಕಬೇಕಾದದ್ದು ಇದನ್ನು.

ವಕೀಲಿ ಕಚೇರಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಊರು ಬಿಡುವ ಮುನ್ನ ಲಿಂಕನ್ ತನ್ನ ಪಾಲುದಾರ ಹರ್ನ್‌ಡನ್‌ಗೆ, ಬಾಗಿಲಲ್ಲಿ ನಮ್ಮಿಬ್ಬರ ಹೆಸರಿರುವ ಬೋರ್ಡ್ ತೆಗೆಯಬೇಡ, ಬದುಕಿದ್ದರೆ ವಾಪಸ್ ಬಂದು ಏನೂ ಆಗಿಲ್ಲ ಅನ್ನುವ ಹಾಗೆ ವಕೀಲಿ ಮುಂದುವರಿಸೋಣ ಅಂದಿದ್ದ. ಆ ಹೊತ್ತಿಗೆ ಅವರ ಕಚೇರಿ ಚೌಕದ ಇನ್ನೊಂದು ಬದಿಗೆ ಹೋಗಿತ್ತು, ಈಗ ತೋರಿಸುವುದು 1840ರ ದಶಕದ ಕಚೇರಿ. ಇವೆರಡನ್ನೂ ಸೇರಿಸಿ ಹೇಳುವವರು ಬಹಳ, ತಂದೆಯವರಿಗೆ ಸರಿಯಾಗಿ ಹೇಳಿ.

ಭದ್ರಾವತಿ_ಹೈದ:

ಎಲ್ಲ ಸರಿ, ಆದರೆ ಯಾರಾದರೂ 1908ರಲ್ಲಿ ಕಪ್ಪು ಜನರ ಮೇಲೆ ನಡೆದ ಗಲಭೆಯ ಜಾಗಕ್ಕೂ ಹೋಗಿ ಅಂತ ಹೇಳುವ ಮೊದಲು ನಾನೇ ಹೇಳುತ್ತೇನೆ, ಅಪ್ಪ-ಅಮ್ಮನನ್ನು ಖುಷಿಯಾಗಿ ಸುತ್ತಿಸಲು ಹೋಗುವಾಗ ಅದೆಲ್ಲ ಬೇಡ. ನನ್ನ ಮಾವನವರು ಬಂದಾಗ ಅದರ ಫಲಕಗಳನ್ನು ಓದುತ್ತಾ ಹೋಗಿ, ಮಧ್ಯಾಹ್ನವೆಲ್ಲ ಯಾರಿಗೂ ಮಾತೇ ಬರಲಿಲ್ಲ. ವಯಸ್ಸಾದವರಿಗೆ ಒಳ್ಳೆಯ ನೆನಪು ಕೊಟ್ಟು ಕಳಿಸೋಣ ಅಲ್ವಾ. ಆ ಹೊತ್ತಿನಲ್ಲಿ ಸಮಾಧಿ ನೋಡಿ. ಅಲ್ಲಿ ಹೊರಗೆ ಲಿಂಕನ್‌ನ ಕಂಚಿನ ತಲೆ ಇದೆ, ಬಂದವರೆಲ್ಲ ಅದೃಷ್ಟಕ್ಕೆ ಅಂತ ಮೂಗು ಸವರಿ ಸವರಿ ಅದೊಂದೇ ಬಂಗಾರದ ಹಾಗೆ ಹೊಳೆಯುತ್ತೆ. ಅಮ್ಮನಿಗೂ ಸವರೋಕೆ ಹೇಳಿ.

ತುಂಗಾತೀರ:

ಭದ್ರಾವತಿ ಅಣ್ಣ, ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ನಾನು ಇದನ್ನು ಒಪ್ಪುವುದಿಲ್ಲ. ಇತಿಹಾಸ ಕಲಿಸಿದವರನ್ನು ಕರೆದುಕೊಂಡು ಹೋಗಿ ಅರ್ಧ ಊರು ತೋರಿಸುವುದು ನ್ಯಾಯವಲ್ಲ. ಲಿಂಕನ್ ಮನೆಯಿಂದ ಕೆಲವೇ ಬ್ಲಾಕ್ ದೂರದಲ್ಲಿ, ಅವನು ಸತ್ತು 43 ವರ್ಷಕ್ಕೆ, ಅದೇ ಊರಿನ ಬಿಳಿಯರು ಅದೇ ಊರಿನ ಕಪ್ಪು ಜನರ ಮನೆ ಸುಟ್ಟರು. ಈ ಎರಡನ್ನೂ ಒಂದೇ ದಿನ ನಡೆದು ನೋಡಬಹುದಾದ ಊರು ಇದು.

ಆಗಿದ್ದು ಹೀಗೆ. 1908ರ ಆಗಸ್ಟ್ 14. ಜೈಲಿನಲ್ಲಿ ಇಬ್ಬರು ಕಪ್ಪು ಕೈದಿಗಳಿದ್ದರು. ಅದರಲ್ಲಿ ಜಾರ್ಜ್ ರಿಚರ್ಡ್‌ಸನ್ ಮೇಲೆ ಒಬ್ಬ ಬಿಳಿ ಹೆಂಗಸು ಅತ್ಯಾಚಾರದ ದೂರು ಕೊಟ್ಟಿದ್ದಳು. ಜೈಲಿನ ಮುಂದೆ ಗುಂಪು ಸೇರಿತು. ಶೆರಿಫ್ ಒಬ್ಬ ಹೋಟೆಲ್ ಮಾಲೀಕನ ಕಾರಿನಲ್ಲಿ ಇಬ್ಬರನ್ನೂ ಹಿಂಬಾಗಿಲಿಂದ ಸಾಗಿಸಿ, ರೈಲು ಹತ್ತಿಸಿ, ಬ್ಲೂಮಿಂಗ್ಟನ್‌ಗೆ ಕಳಿಸಿಬಿಟ್ಟ. ಹೌದು, ನಿಮ್ಮ ಊರಿಗೇ. ಅದು ಗೊತ್ತಾದಾಗ ಗುಂಪು ಮೊದಲು ಆ ಹೋಟೆಲನ್ನು ಪುಡಿ ಮಾಡಿತು, ಆಮೇಲೆ ಕಪ್ಪು ಜನರ ಅಂಗಡಿಗಳಿಗೆ ನುಗ್ಗಿತು, ಆಮೇಲೆ ಮನೆಗಳಿಗೆ ಬೆಂಕಿ ಇಟ್ಟಿತು. ಸ್ಕಾಟ್ ಬರ್ಟನ್ ಅನ್ನುವ ಕ್ಷೌರಿಕನನ್ನು ಹೊಡೆದು ಕೊಂದು ಮರಕ್ಕೆ ನೇತು ಹಾಕಿದರು. ಮಾರನೇ ದಿನ ರಾತ್ರಿ ವಿಲಿಯಂ ಡಾನೆಗನ್ ಸರದಿ. 80 ದಾಟಿದ ಮುದುಕ, ಬೂಟು ಹೊಲಿದು ಬದುಕಿದವನು, ಸ್ವಂತ ಮನೆ ಇಟ್ಟುಕೊಂಡಿದ್ದವನು. ಬಿಳಿ ಹೆಂಗಸನ್ನು ಮದುವೆಯಾಗಿ ದಶಕಗಳೇ ಆಗಿದ್ದವು. ಅವನ ಮನೆಯಿಂದಲೇ ಎಳೆದು ತಂದರು. ಆಮೇಲೆ ಆ ಹೆಂಗಸು ರಿಚರ್ಡ್‌ಸನ್ ನಿರಪರಾಧಿ ಅಂತ ಬರೆದುಕೊಟ್ಟಳು.

ಲಿಂಕನ್ ಊರಿನಲ್ಲೇ ಹೀಗಾಯಿತಲ್ಲ ಅನ್ನುವ ಆಘಾತದಿಂದಲೇ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಹುಟ್ಟಿತು. ಅದಕ್ಕೆ ಆರಿಸಿಕೊಂಡ ದಿನ 1909ರ ಫೆಬ್ರವರಿ 12, ಲಿಂಕನ್ ಹುಟ್ಟಿ ಸರಿಯಾಗಿ 100 ವರ್ಷ. ಅದನ್ನು ಕಟ್ಟಿದವರಲ್ಲಿ ಒಬ್ಬರು ಕಪ್ಪು ಜನಾಂಗದ ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬಾಯ್ಸ್. 1946ರಲ್ಲಿ ನಮ್ಮ ಅಂಬೇಡ್ಕರ್ ಅವರು ಪತ್ರ ಬರೆದದ್ದು ಇವರಿಗೇ, ಅಮೆರಿಕದ ಕಪ್ಪು ಜನರ ಸ್ಥಿತಿಗೂ ಭಾರತದ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆ ಬಗ್ಗೆ. ಡು ಬಾಯ್ಸ್ ಉತ್ತರವನ್ನೂ ಬರೆದರು. ಮೇಷ್ಟ್ರಿಗೆ ಈ ಎಳೆ ಹಿಡಿಸದೆ ಇರುತ್ತದೆಯೇ?

ಜಾಗ ಹೇಳುತ್ತೇನೆ. ಮ್ಯೂಸಿಯಂನಿಂದ ಮ್ಯಾಡಿಸನ್ ಬೀದಿ ಹಿಡಿದು ಪೂರ್ವಕ್ಕೆ 10ನೇ ಬೀದಿವರೆಗೆ. ಆಸ್ಪತ್ರೆಯ ಹತ್ತಿರ, ರೈಲು ಹಳಿ ಪಕ್ಕ. ಹಳಿ ಕೆಲಸಕ್ಕೆ ಅಂತ 2014ರಲ್ಲಿ ಮೊದಲು ಪುರಾತತ್ವದವರು ಅಗೆದು ನೋಡಿದಾಗ ಅವತ್ತು ಸುಟ್ಟುಹೋದ ಮನೆಗಳ ಇಟ್ಟಿಗೆ ಅಡಿಪಾಯ ಸಿಕ್ಕಿತು, ಮನೆಯವರ ಸಾಮಾನುಗಳೂ ಸಿಕ್ಕವು. 2024ರ ಆಗಸ್ಟ್ 16ರಂದು ಬೈಡನ್ ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ದೊಡ್ಡ ಕಟ್ಟಡ ಏನೂ ನಿರೀಕ್ಷಿಸಬೇಡಿ. ಪೇಟೆಯೊಳಗೂ ಗಲಭೆ ಸಾಗಿದ ದಾರಿಯುದ್ದಕ್ಕೂ ಫಲಕಗಳಿವೆ. ಅಕ್ಕ ಹೇಳಿದ ಆ ಯೂನಿಯನ್ ಸ್ಟೇಷನ್ ಪಾರ್ಕಿನಲ್ಲೇ ಪ್ರೆಸ್ಟನ್ ಜಾಕ್ಸನ್ ಮಾಡಿದ ಕಂಚಿನ ಶಿಲ್ಪ ನಿಂತಿದೆ, ಸುಟ್ಟ ಮನೆಗಳ ಚಿಮಣಿಗಳ ಆಕಾರದಲ್ಲಿ. ಅಮ್ಮನಿಗೆ ನಡೆಯಲು ಆಗದಿದ್ದರೆ ಅದನ್ನಾದರೂ ನೋಡಲಿ. ಬೆಂಚಿನಿಂದ ಹತ್ತು ಹೆಜ್ಜೆ.

ಕಂಬ_ಕಮಾನು:

ಲಿಂಕನ್ ಬಿಟ್ಟು ಒಂದೇ ಒಂದು ನೋಡುವುದಾದರೆ ಡೇನಾ-ಥಾಮಸ್ ಮನೆ ನೋಡಿ. ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1902ರಿಂದ 1904ರ ನಡುವೆ ಸೂಸನ್ ಲಾರೆನ್ಸ್ ಡೇನಾ ಅನ್ನುವ ಶ್ರೀಮಂತ ಮಹಿಳೆಗೆ ಕಟ್ಟಿದ್ದು. ಅವನು ಮಾಡಿಸಿದ ಕುರ್ಚಿ, ಮೇಜು, ದೀಪ, ಬಣ್ಣದ ಗಾಜು ಇಷ್ಟೊಂದು ಸಂಖ್ಯೆಯಲ್ಲಿ ಇದ್ದಲ್ಲೇ ಉಳಿದಿರುವ ಮನೆ ಬಹಳ ಕಡಿಮೆ. ಗಾಜಿನಲ್ಲಿ ಇಲ್ಲಿಯ ಬಯಲಿನ ಸುಮಾಕ್ ಗಿಡದ ಎಲೆ, ಚಿಟ್ಟೆಯ ಆಕಾರ ಹಿಡಿದಿದ್ದಾನೆ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಒಳಗೆ ಮೆಟ್ಟಿಲು, ಏರಿಳಿತ ಜಾಸ್ತಿ, ಅಮ್ಮನಿಗೆ ಕಷ್ಟ.

ಈಗಿನ ಕ್ಯಾಪಿಟಲ್ ಹೊರಗಿನಿಂದ ನೋಡಿದರೂ ಸಾಕು. ಗುಮ್ಮಟದ ತುದಿವರೆಗೆ 361 ಅಡಿ, ವಾಷಿಂಗ್ಟನ್‌ನ ಕ್ಯಾಪಿಟಲ್‌ಗಿಂತ ಎತ್ತರ. ಕಟ್ಟಲು ಶುರು ಮಾಡಿದ್ದು 1868ರಲ್ಲಿ, ಮುಗಿಸಲು 20 ವರ್ಷ ಹಿಡಿಯಿತು.

ದಾವಣಗೆರೆ_ಬೆಣ್ಣೆ:

ಇಷ್ಟು ಹೊತ್ತು ಕೊಟ್ಟು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೂರ್ತಿ ಅಪ್ಪನಿಗೆ ಓದಿ ಹೇಳಿದೆ. ಪತ್ರದ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಆ ವಿದಾಯದ ಭಾಷಣವನ್ನು ಪ್ರಿಂಟ್ ತೆಗೆಸಿಕೊಡು ಅಂದರು. 1908ರ ಜಾಗ ನೋಡಲೇಬೇಕಂತೆ. ಅಂಬೇಡ್ಕರ್ ಪತ್ರದ ವಿಷಯ ಅವರಿಗೆ ಹೊಸದು. ಭದ್ರಾವತಿ ಅಣ್ಣ, ಬೇಸರ ಮಾಡಿಕೊಳ್ಳಬೇಡಿ, ಸಮಾಧಿಗೂ ಹೋಗುತ್ತೇವೆ, ಅಮ್ಮನಿಗೆ ಮೂಗಿನ ವಿಷಯ ಹೇಳಿದ್ದೇನೆ.

ಬೆಳಗ್ಗೆ ಸಂತೆ, ಆಮೇಲೆ ಮನೆ, ಸ್ಟೇಷನ್, ಚೌಕ, ಪಾರ್ಕಿನಲ್ಲಿ ಊಟ, ಅಲ್ಲಿಂದ ನಾನು ಮತ್ತು ಅಪ್ಪ ಮ್ಯಾಡಿಸನ್ ಬೀದಿಗೆ, ಅಮ್ಮ ಮತ್ತು ನನ್ನ ಹೆಂಡತಿ ಮ್ಯೂಸಿಯಂಗೆ, ಕೊನೆಗೆ ಸಮಾಧಿ. ಇದು ಜಾಸ್ತಿ ಆಯ್ತಾ?

ಸಂಗಮನ್_ನಿವಾಸಿ:

ಸ್ವಲ್ಪ ಜಾಸ್ತಿ. ಸಮಾಧಿ ಸಂಜೆ ಬೇಗ ಮುಚ್ಚುತ್ತಾರೆ, ಹಾಗಾಗಿ ಮ್ಯೂಸಿಯಂ ಎರಡು ಗಂಟೆಗೆ ಮುಗಿಸಿ. ಅಮ್ಮನಿಗೆ ಅಲ್ಲಿ ಗಾಲಿ ಕುರ್ಚಿ ಕೇಳಿದರೆ ಕೊಡುತ್ತಾರೆ, ಸಂಕೋಚ ಬೇಡ. ವಕೀಲಿ ಕಚೇರಿಯ ಒಳಗೆ ಹೋಗದಿದ್ದರೂ ನಡೆಯುತ್ತೆ, ಹೊರಗೆ ನಿಂತು ನೋಡಿ. ಹಳೇ ಕ್ಯಾಪಿಟಲ್ ಮಾತ್ರ ಬಿಡಬೇಡಿ, ಆ ಹಾಲ್‌ನಲ್ಲಿ ಅಪ್ಪನಿಗೆ ಹತ್ತು ನಿಮಿಷ ಕೊಡಿ. ಶನಿವಾರ ನಾನು ಊರಲ್ಲೇ ಇರುತ್ತೇನೆ. ಬರುವ ಹಿಂದಿನ ದಿನ ಇಲ್ಲೇ ಮೆಸೇಜ್ ಹಾಕಿ, ಸಂತೆಯಲ್ಲಿ ಸಿಗೋಣ.